ತಗ್ಗಿದ ಕಾರು, ಏರಿದ ಪಿಕಪ್: ಟೈರಿನ ಅಸಮ ಸವೆತ ಮತ್ತು ವರ್ತಕರ ಲೆಕ್ಕ

ಚಳ್ಳಕೆರೆಯ ಎಣ್ಣೆ ಗಿರಣಿಯ ಲೆಕ್ಕಪತ್ರವಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ವರ್ತಕರ ಲೆಕ್ಕಪತ್ರವಾಗಲಿ, ಲಾಭ-ನಷ್ಟ ಖಾತೆಯಲ್ಲಿ ‘ವಾಹನ ವೆಚ್ಚ’ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. ಡೀಸೆಲ್, ವಿಮೆ, ಚಾಲಕರ ಬಾಟಾ, ದುರಸ್ತಿ, ಟೈರು ಎಲ್ಲವೂ ಆ ಒಂದೇ ಸಾಲಿನೊಳಗೆ ಅಡಗಿಹೋಗುತ್ತವೆ. ಡೀಸೆಲ್ ದರ ಲೀಟರಿಗೆ ಒಂದು ರೂಪಾಯಿ ಏರಿದರೆ ಪೇಟೆಯ ತುಂಬಾ ಅದೇ ಮಾತು. ಆದರೆ 40 ಸಾವಿರ ಕಿಲೋಮೀಟರ್ ಓಡಬೇಕಾದ ಟೈರು 16 ಸಾವಿರಕ್ಕೇ ಬೋಳಾದರೆ ‘ರಸ್ತೆ ಸರಿಯಿಲ್ಲ’ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ರಸ್ತೆಯ ಪಾಲು ಇಲ್ಲವೆಂದಲ್ಲ. ಆದರೆ ರಸ್ತೆಯೊಂದೇ ಕಾರಣವಾಗಿದ್ದರೆ ಟೈರು ಅಡ್ಡಗಲಕ್ಕೂ ಒಂದೇ ಸಮನಾಗಿ ಸವೆಯಬೇಕು. ಒಂದು ಅಂಚು ನುಣ್ಣಗಾಗಿ ಇನ್ನೊಂದು ಅಂಚಿನಲ್ಲಿ ಹೊಸ ಟೈರಿನ ಗೀರುಗಳು ಹಾಗೆಯೇ ಉಳಿದಿದ್ದರೆ, ಕಾರಣವನ್ನು ವಾಹನದ ಅಡಿಯಲ್ಲೇ ಹುಡುಕಬೇಕಾಗುತ್ತದೆ.

ಆ ಕಾರಣಗಳಲ್ಲಿ ಮುಖ್ಯವಾದ ಒಂದು, ವಾಹನದ ಎತ್ತರವನ್ನು ಮಾಲೀಕರೇ ಬದಲಾಯಿಸಿರುವುದು. ಈ ಎರಡು ತಾಲ್ಲೂಕುಗಳ ವಹಿವಾಟಿನ ಸ್ವರೂಪವೇ ಬದಲಾವಣೆಗೆ ಎರಡು ವಿರುದ್ಧ ದಿಕ್ಕುಗಳನ್ನು ಒದಗಿಸಿದೆ. ಚಳ್ಳಕೆರೆಯ ಸರಕು ಭಾರವಾದದ್ದು. ಶೇಂಗಾ ಮೂಟೆ, ಎಣ್ಣೆ ಡಬ್ಬಿ, ಹಿಂಡಿ ಇವೆಲ್ಲ ತೂಕದ ಮೇಲೆ ನಡೆಯುವ ವ್ಯಾಪಾರ. ನಾಯಕನಹಟ್ಟಿ, ತಳಕು, ಪರಶುರಾಂಪುರದ ಕಡೆಯಿಂದ ಒಂದು ಸುತ್ತು ಕಡಿಮೆ ಮಾಡಿಕೊಳ್ಳಬೇಕೆಂಬ ಆಸೆಯಿಂದ ಪಿಕಪ್ ವಾಹನದ ಹಿಂಬದಿಯ ಕಮಾನು ಪಟ್ಟಿಗೆ ಇನ್ನೊಂದೆರಡು ಪಟ್ಟಿ ಸೇರಿಸುವುದು ವಾಡಿಕೆ; ವಾಹನದ ಹಿಂಭಾಗ ಏರುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೊಳಕಾಲ್ಮೂರು ಸೀರೆಯ ವ್ಯಾಪಾರ ಇದಕ್ಕೆ ತದ್ವಿರುದ್ಧ. ಸರಕು ಹಗುರ, ಬೆಲೆ ಹೆಚ್ಚು. ಮನೆಯ ಕಾರಿನ ಡಿಕ್ಕಿಯಲ್ಲೇ ಬೆಂಗಳೂರಿಗೆ ಹೋಗಿಬರಬಹುದು. ಆ ಕಾರು ವಾರದ ದಿನಗಳಲ್ಲಿ ಅಂಗಡಿಯದ್ದು, ಭಾನುವಾರ ಮನೆಯ ಹುಡುಗರದ್ದು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ತಗ್ಗಿಸುವ ಹವ್ಯಾಸ ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ತಗ್ಗಿಸಿದವರ ಕಾರಣ ಅಂದ, ಏರಿಸಿದವರ ಕಾರಣ ಆದಾಯ. ಟೈರಿಗೆ ಮಾತ್ರ ಎರಡೂ ಒಂದೇ.

ಚಕ್ರದ ಕೋನ ಮತ್ತು ಎತ್ತರ

ಕಾರ್ಖಾನೆಯಿಂದ ಹೊರಬರುವಾಗ ವಾಹನದ ಪ್ರತಿಯೊಂದು ಚಕ್ರವನ್ನೂ ಕೆಲವು ನಿಶ್ಚಿತ ಕೋನಗಳಲ್ಲಿ ನಿಲ್ಲಿಸಿರುತ್ತಾರೆ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಂದರ ಕಡೆಗೊಂದು ತಿರುಗಿರುವುದು ಟೋ-ಇನ್, ಹೊರಕ್ಕೆ ತಿರುಗಿರುವುದು ಟೋ-ಔಟ್. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಇವು ಡಿಗ್ರಿಯ ಸಣ್ಣ ಭಾಗಗಳಲ್ಲಿ ಅಳೆಯುವಂಥವು, ಬರಿಗಣ್ಣಿಗೆ ಕಾಣುವುದಿಲ್ಲ. ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಈ ಕೋನಗಳನ್ನು ನಿಗದಿ ಮಾಡಿರುವುದು ವಾಹನ ಒಂದು ನಿರ್ದಿಷ್ಟ ಎತ್ತರದಲ್ಲಿ ನಿಂತಿದೆ ಎಂಬ ಆಧಾರದ ಮೇಲೆ.

ಇಂದಿನ ಬಹುತೇಕ ಸಣ್ಣ ಕಾರುಗಳ ಮುಂದಿನ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್ ಮೇಲೆ ನಿಂತಿವೆ. ಕೆಳಗೆ ಒಂದು ತೋಳು, ಮೇಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ. ಕಾರನ್ನು ತಗ್ಗಿಸಿದಾಗ ಆ ಕೆಳತೋಳಿನ ಓರೆ ಬದಲಾಗುತ್ತದೆ. ಸಾಮಾನ್ಯವಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದೇ ಹೊತ್ತಿಗೆ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್‌ನ ಓರೆಯೂ ಬದಲಾಗುತ್ತದೆ. ತೋಳು ಮತ್ತು ರಾಡ್ ಒಂದೇ ಪ್ರಮಾಣದಲ್ಲಿ ಚಲಿಸದ ಕಾರಣ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿಬಿಡುತ್ತದೆ. ಯಾವ ಕಡೆಗೆ ಎಂಬುದು ಆಯಾ ಕಾರಿನ ರಚನೆಯನ್ನು ಅವಲಂಬಿಸಿದೆ.

ಒಳಂಚು ಸವೆದ ಕೂಡಲೇ ಗ್ಯಾರೇಜಿನಲ್ಲಿ ಕ್ಯಾಂಬರ್‌ನ ಮೇಲೆ ತಪ್ಪು ಹೊರಿಸುವುದು ರೂಢಿ. ವಾಸ್ತವದಲ್ಲಿ ದೊಡ್ಡ ಅಪರಾಧಿ ಟೋ. ಚಕ್ರ ಸ್ವಲ್ಪ ವಾಲಿದ್ದರೂ ನೇರವಾಗಿ ಉರುಳುತ್ತಿದ್ದರೆ ಟೈರು ಬಹುಕಾಲ ಬಾಳುತ್ತದೆ. ನೇರವಾಗಿ ಉರುಳದಿದ್ದರೆ ಬಾಳದು. ಒಂದು ಚಕ್ರದ ಮೂತಿ ನೇರ ದಾರಿಯಿಂದ 0.2 ಡಿಗ್ರಿಯಷ್ಟು ಮಾತ್ರ ತಿರುಗಿದೆ ಎಂದು ಭಾವಿಸಿದರೆ, ರೇಖಾಗಣಿತದ ಲೆಕ್ಕದಂತೆ ಆ ಟೈರು ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಸುಮಾರು ಮೂರೂವರೆ ಮೀಟರ್ ಅಡ್ಡಡ್ಡಲಾಗಿ ಉಜ್ಜಲ್ಪಡುತ್ತದೆ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಒಂದು ಪ್ರಯಾಣದಲ್ಲಿ ಸುಮಾರು 700 ಮೀಟರ್ ದೂರ ಟೈರನ್ನು ಡಾಂಬರಿನ ಮೇಲೆ ಅಡ್ಡಲಾಗಿ ಎಳೆದುಕೊಂಡು ಹೋದಂತೆ. ಇದರ ಜೊತೆಗೆ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಆ ಉಜ್ಜಾಟದ ಪೂರ್ಣ ಭಾರ ಒಳಂಚಿನ ಮೇಲೆಯೇ ಬೀಳುತ್ತದೆ. ಎರಡೂ ಕೂಡಿಬಂದಾಗ ಟೈರು ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಮುಗಿದರೆ ಅಚ್ಚರಿಪಡಬೇಕಾಗಿಲ್ಲ.

ಒಳಂಚಿನ ಸವೆತದಲ್ಲಿ ಇನ್ನೊಂದು ಅಪಾಯವಿದೆ. ಅದು ನಿಂತು ನೋಡುವವರಿಗೆ ಕಾಣುವುದಿಲ್ಲ. ಹೊರಗಿನಿಂದ ಟೈರು ಚೆನ್ನಾಗಿಯೇ ಇರುತ್ತದೆ. ಒಳಭಾಗದಲ್ಲಿ ರಬ್ಬರ್ ಮುಗಿದು ತಂತಿ ಇಣುಕುತ್ತಿರುತ್ತದೆ. ಹಿರಿಯೂರು ದಾಟಿ ಹೆದ್ದಾರಿಗೆ ಸೇರಿದ ಮೇಲೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅಂಥ ಟೈರು ಸಿಡಿದರೆ ಆಗುವ ಹಾನಿ ಯಾವ ಖಾತೆಯಲ್ಲೂ ಹಿಡಿಸುವಂಥದ್ದಲ್ಲ.

ಅಂಗೈಗೆ ತಿಳಿಯುವ ಸಂಗತಿ

ಸವೆತದ ಬಗೆಯನ್ನು ಗುರುತಿಸಲು ಯಂತ್ರ ಬೇಕಿಲ್ಲ. ವಾಹನ ನಿಂತಿರುವಾಗ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ, ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತರಿತರಿಯಾಗಿಯೂ ತಾಗಿದರೆ ಟೋ ಕೆಟ್ಟಿದೆ ಎಂದರ್ಥ. ತರಿ ಇಲ್ಲದೆ ಒಂದೇ ಅಂಚು ತಗ್ಗಾಗಿದ್ದರೆ ಕ್ಯಾಂಬರ್. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಅತಿಯಾಗಿದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ನಿಲ್ಲಿಸಿರುವ ಸಂಭವ ಹೆಚ್ಚು. ಬ್ಯಾಲೆನ್ಸಿಂಗ್ ಕೆಟ್ಟಿದ್ದರೂ ಹೀಗಾಗಬಹುದು.

ಗಾಳಿಯ ಅಳತೆಯನ್ನು ಬೆಳಿಗ್ಗೆ, ವಾಹನ ಹೊರಡುವ ಮೊದಲೇ ನೋಡುವುದು ಸೂಕ್ತ. ಉಷ್ಣಾಂಶ 5-6 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರಿನ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬೇಸಗೆಯ ಮಧ್ಯಾಹ್ನ ಬಿಸಿ ಟೈರಿನ ಗಾಳಿ ಹೆಚ್ಚಾಗಿದೆಯೆಂದು ತೆಗೆಸಿದವರು ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತಾರೆ, ಅಂಚುಗಳು ಸವೆಯತೊಡಗುತ್ತವೆ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 94ನೇ ನಿಯಮದಂತೆ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಹೊರತಾದ ವಾಹನಗಳಲ್ಲಿ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಹೊಸ ಕಾರು ಟೈರಿನಲ್ಲಿ ಇದು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಇರುತ್ತದೆ. ಅಂದರೆ ಮಾಲೀಕರು ಹಣ ಕೊಟ್ಟು ಕೊಳ್ಳುವ, ಬಳಸಬಹುದಾದ ರಬ್ಬರ್ ಸುಮಾರು 6 ಮಿಲಿಮೀಟರ್. ಒಳಂಚು ಮಿತಿಗೆ ಇಳಿದಾಗ ಹೊರಂಚಿನಲ್ಲಿ ಇನ್ನೂ 5 ಮಿಲಿಮೀಟರ್ ಉಳಿದಿದ್ದರೆ, ಆ ಉಳಿದದ್ದಕ್ಕೆ ತೆತ್ತ ಹಣ ಗುಜರಿಗೆ ಹೋದಂತೆಯೇ ಸರಿ.

ಕಾರನ್ನು ತಗ್ಗಿಸುವುದಾದರೆ

ಕಾರನ್ನು ತಗ್ಗಿಸುವ ಆಲೋಚನೆಯನ್ನೇ ಕೈಬಿಡುವುದು ಈ ಭಾಗದ ರಸ್ತೆಗಳಿಗೆ ಒಪ್ಪುವ ನಿರ್ಧಾರ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಮಾಣದಂತೆ ರಸ್ತೆ ಉಬ್ಬು 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರವಿರಬೇಕು. ಹಳ್ಳಿಗಳ ಮುಂದೆ ಊರವರೇ ಹಾಕಿಸಿಕೊಂಡ ಉಬ್ಬುಗಳು ಈ ಪ್ರಮಾಣವನ್ನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಖಾಲಿ ಕಾರಿನ ಅಡಿಯ ಎತ್ತರ 165 ಮಿಲಿಮೀಟರ್ ಎಂದಿದ್ದು, ಅದರಲ್ಲಿ 40 ಮಿಲಿಮೀಟರ್ ತಗ್ಗಿಸಿ, ಐದು ಜನ ಕುಳಿತು ಇನ್ನಷ್ಟು ಕುಸಿದರೆ ಉಳಿಯುವ ಅಂತರವೆಷ್ಟೆಂದು ಲೆಕ್ಕ ಹಾಕಲು ಪರಿಣತರು ಬೇಕಿಲ್ಲ. ಎಂಜಿನ್ ಆಯಿಲ್ ತುಂಬಿದ ತಟ್ಟೆ ಇರುವುದು ಅಲ್ಲಿಯೇ.

ಆದರೂ ತಗ್ಗಿಸಲು ನಿರ್ಧರಿಸಿದವರು ವಿಧಾನವನ್ನಾದರೂ ತಿಳಿದಿರಬೇಕು. ಇದ್ದ ಕಾಯಿಲ್ ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕತ್ತರಿಸುವುದು ಅತ್ಯಂತ ಅಗ್ಗದ ದಾರಿ, ಅತ್ಯಂತ ಕೆಟ್ಟ ದಾರಿಯೂ ಹೌದು. ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ. ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ತನ್ನ ಜಾಗದಿಂದ ಕದಲುವ ಸಂಭವವೂ ಇದೆ. ಶಾಕ್ ಅಬ್ಸಾರ್ಬರಿನ ಕಡ್ಡಿಗೆ ಓಡಾಡಲು ಉಳಿಯುವ ಜಾಗ ಕಡಿಮೆಯಾಗಿ, ಪ್ರತಿ ಗುಂಡಿಯಲ್ಲೂ ರಬ್ಬರ್ ತಡೆಗೆ ಬಡಿದು ಬೇಗನೆ ಎಣ್ಣೆ ಸೋರತೊಡಗುತ್ತದೆ. ಶಾಕ್ ಅಬ್ಸಾರ್ಬರ್ ಹೋದ ಮೇಲೆ ಟೈರು ನೆಲವನ್ನು ಒಂದೇ ಸಮನಾಗಿ ಒತ್ತುವುದಿಲ್ಲ. ಬಟ್ಟಲಿನಂಥ ಕುಳಿಗಳು ಬೀಳುವುದು ಆಗಲೇ. ಆ ಕಾರಿಗಾಗಿಯೇ ತಯಾರಾದ ಗಿಡ್ಡ ಸ್ಪ್ರಿಂಗನ್ನು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಸಹಿತ ಹಾಕಿಸಿಕೊಳ್ಳುವುದು ದುಬಾರಿ, ಆದರೆ ಯಂತ್ರಶಾಸ್ತ್ರಕ್ಕೆ ಒಪ್ಪುವಂಥದ್ದು.

ಸ್ಪ್ರಿಂಗ್ ಬದಲಾಯಿಸುವಾಗ ಸ್ಥಳೀಯ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಒಂದು ಕ್ರಮವಿದೆ. ಕೆಳತೋಳಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕಿನ ಮೇಲೆ ಇರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಕಾರನ್ನು ಕೆಳಗಿಳಿಸಿದಾಗ ತೋಳು ಮೇಲಕ್ಕೆ ತಿರುಗುತ್ತದೆ, ಬಿಗಿದ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಬುಷ್ ಹರಿಯುತ್ತದೆ, ಚಕ್ರ ಅಲುಗಾಡತೊಡಗುತ್ತದೆ, ಮತ್ತೆ ಟೈರು ಹೋಗುತ್ತದೆ. ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದದ್ದು ಕಾರು ತನ್ನ ಚಕ್ರಗಳ ಮೇಲೆ ಪೂರ್ಣ ಭಾರ ಹಾಕಿ ಹೊಸ ಎತ್ತರದಲ್ಲಿ ನಿಂತ ನಂತರ.

ಅಲೈನ್‌ಮೆಂಟ್ ಮಾಡಿಸುವುದು ಅದಾದ ಮೇಲೆ. ಅದನ್ನೂ ಒಮ್ಮೆ ಮಾಡಿಸಿ ಮರೆಯುವಂತಿಲ್ಲ. ಹೊಸ ಸ್ಪ್ರಿಂಗುಗಳು ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಇನ್ನಷ್ಟು ಕೂರುತ್ತವೆ. ಆಗ ಎರಡನೆಯ ಬಾರಿ ಅಳೆಸಬೇಕು. ಕಂಪ್ಯೂಟರ್ ಯಂತ್ರದ ಪರದೆಯಲ್ಲಿ ಹಸಿರು ಕಂಡರೆ ಸರಿ, ಕೆಂಪು ಕಂಡರೆ ತಪ್ಪು ಎಂಬ ತಿಳಿವಳಿಕೆ ಸಾಮಾನ್ಯ ಕಾರುಗಳಿಗೆ ಸಾಕು. ತಗ್ಗಿಸಿದ ಕಾರಿನಲ್ಲಿ ಹಾಗಲ್ಲ. ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ಹೊಂದಿಸಲು ಕಾರ್ಖಾನೆಯೇ ಅವಕಾಶ ಕೊಟ್ಟಿರುವುದಿಲ್ಲ. ಕ್ಯಾಂಬರ್ ಬೋಲ್ಟ್ ಎಂಬ ಬೇರೆ ಬಿಡಿಭಾಗ ಹಾಕಿ ಅಷ್ಟಿಷ್ಟು ಸರಿಪಡಿಸಬೇಕಾಗುತ್ತದೆ. ಹಿಂದಿನ ಚಕ್ರಗಳು ಒಂದೇ ಅಡ್ಡತೊಲೆಯ ಮೇಲೆ ನಿಂತಿರುವ ಕಾರುಗಳಲ್ಲಿ ಟೋ ಆಗಲಿ ಕ್ಯಾಂಬರ್ ಆಗಲಿ ತಿರುಗಿಸುವ ತಿರುಪೇ ಇಲ್ಲ. ಆದಕಾರಣ ಮುಂದಿನ ಟೋವನ್ನು ಕಾರ್ಖಾನೆಯ ಅಂಕಿಗೆ ಕಟ್ಟುನಿಟ್ಟಾಗಿ ತರುವುದು, ಕ್ಯಾಂಬರ್ ಎರಡೂ ಬದಿಗೆ ಒಂದೇ ಸಮನಾಗಿದೆಯೇ ಎಂದು ನೋಡುವುದು, ಮುದ್ರಿತ ಚೀಟಿಯನ್ನು ಕೇಳಿ ಪಡೆಯುವುದು ಇವಿಷ್ಟು ಮಾಲೀಕರ ಕೈಯಲ್ಲಿರುವ ಕೆಲಸ.

ಟೈರುಗಳ ಸ್ಥಾನ ಬದಲಾಯಿಸುತ್ತಿದ್ದರೆ ಸಾಕು ಎಂಬ ಅಭಿಪ್ರಾಯವೂ ಇದೆ. 8ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಹಾಗೆ ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ ಕೋನ ಕೆಟ್ಟ ವಾಹನದಲ್ಲಿ ಅದು ಒಂದು ಟೈರಿನ ನಷ್ಟವನ್ನು ನಾಲ್ಕಕ್ಕೂ ಹಂಚುವ ಕೆಲಸವಷ್ಟೆ.

ಪಟ್ಟಿ ಸೇರಿಸಿದ ಪಿಕಪ್ ಮತ್ತು ಲಾರಿ

ಸರಕು ವಾಹನಗಳ ವಿಷಯ ಸ್ವಲ್ಪ ಬೇರೆ. 2005ರಲ್ಲಿ ಮಾರುಕಟ್ಟೆಗೆ ಬಂದು ಸಣ್ಣ ಊರುಗಳ ಸಾಗಾಟದ ರೀತಿಯನ್ನೇ ಬದಲಿಸಿದ ಟಾಟಾ ಏಸ್‌ನಂಥ ವಾಹನಗಳಲ್ಲೂ, ಲಾರಿಗಳಲ್ಲೂ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುತ್ತದೆ. ಇಲ್ಲಿ ಎತ್ತರ ಬದಲಾದ ಮಾತ್ರಕ್ಕೆ ಕ್ಯಾಂಬರ್ ಬದಲಾಗದು. ಇದನ್ನೇ ನೆಚ್ಚಿಕೊಂಡು ಪಟ್ಟಿ ಸೇರಿಸಿದರೆ ತೊಂದರೆಯಿಲ್ಲವೆಂದು ವಾದಿಸುವವರಿದ್ದಾರೆ. ತೊಂದರೆ ಬೇರೆ ದಾರಿಯಿಂದ ಬರುತ್ತದೆ. ಹಿಂಭಾಗ ಏರಿದಾಗ ವಾಹನ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಖಾಲಿ ಓಡುವಾಗ ಸ್ಟಿಯರಿಂಗ್ ಸ್ಥಿರವಾಗಿ ನಿಲ್ಲದೆ ಅತ್ತಿತ್ತ ಎಳೆಯುತ್ತದೆ. ಹೊರೆ ಅತಿಯಾದಾಗ ಆಕ್ಸಲ್ಲೇ ಬಾಗಬಹುದು, ಕಿಂಗ್ ಪಿನ್ ಸವೆಯಬಹುದು. ಹೊಸ ಪಟ್ಟಿ ಸೇರಿಸಿದ ನಂತರ ಯು-ಬೋಲ್ಟನ್ನು ಮತ್ತೆ ಬಿಗಿಯದಿದ್ದರೆ ನಡುವಿನ ಬೋಲ್ಟ್ ತುಂಡಾಗಿ ಹಿಂದಿನ ಆಕ್ಸಲ್ ತುಸು ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಅಂಥ ವಾಹನ ರಸ್ತೆಯಲ್ಲಿ ಏಡಿಯಂತೆ ಓರೆಯಾಗಿ ಓಡುವುದನ್ನು ಹಿಂದೆ ಬರುವವರು ಗುರುತಿಸಬಹುದು. ಆರು ಟೈರುಗಳೂ ಒಟ್ಟಿಗೇ ಉಜ್ಜಲ್ಪಡುತ್ತವೆ.

ಪಟ್ಟಿ ಸೇರಿಸಿದರೆ ಪಟ್ಟಿಯ ಶಕ್ತಿ ಮಾತ್ರ ಹೆಚ್ಚುತ್ತದೆ. ಟೈರು, ಹಬ್ ಬೇರಿಂಗ್, ಬ್ರೇಕ್ ಇವುಗಳ ಶಕ್ತಿ ಇದ್ದಷ್ಟೇ ಇರುತ್ತದೆ, ನೋಂದಣಿ ಪತ್ರದಲ್ಲಿರುವ ತೂಕವೂ ಹಾಗೆಯೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಅದರ ಹೊರೆಯ ಮಿತಿಯನ್ನು ಹೇಳುತ್ತದೆ: 82 ಎಂದರೆ 475 ಕಿಲೋಗ್ರಾಂ, 91 ಎಂದರೆ 615, 100 ಎಂದರೆ 800. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು; ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5 ಟನ್‌ಗೆ ಹೋಯಿತು. ಮಿತಿ ಏರಿತೆಂದು ಅದಕ್ಕಿಂತ ಹಿಂದೆ ತಯಾರಾದ ಲಾರಿಯ ಕಮಾನು ಪಟ್ಟಿಯೋ ಟೈರೋ ಬಲಗೊಳ್ಳಲಿಲ್ಲ.

ಹಿಂದಿನ ಜೋಡಿ ಟೈರುಗಳಲ್ಲಿ ಒಂದು ಹೊಸದು, ಒಂದು ಹಳೆಯದು ಹಾಕುವುದು ಉಳಿತಾಯವೆಂದು ತೋರುತ್ತದೆ. ಎತ್ತರದಲ್ಲಿ ದೊಡ್ಡದಾದ ಹೊಸ ಟೈರು ಹೆಚ್ಚು ಹೊರೆ ಹೊರುತ್ತದೆ, ಸಣ್ಣದು ನೆಲದ ಮೇಲೆ ಉಜ್ಜಿಕೊಂಡು ಸಾಗುತ್ತದೆ. ಎರಡೂ ಬೇಗ ಮುಗಿಯುತ್ತವೆ.

ಲಾರಿ ಟೈರಿನ ನಿಜವಾದ ಆದಾಯ ಇರುವುದು ಅದರ ಎರಡನೆಯ ಜನ್ಮದಲ್ಲಿ. ಒಂದೇ ಸಮನಾಗಿ ಸವೆದ ಟೈರನ್ನು ಹೊಸದರ ಬೆಲೆಯ ಒಂದು ಭಾಗ ಮಾತ್ರ ಖರ್ಚು ಮಾಡಿ ರಿಸೋಲ್ ಮಾಡಿಸಿ ಮತ್ತೆ ಓಡಿಸಬಹುದು. ಅಂಚು ಸವೆದು ತಂತಿ ಹೊರಬಂದ ಟೈರನ್ನು ರಿಸೋಲ್ ಅಂಗಡಿಯವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಆದುದರಿಂದ ಅಸಮ ಸವೆತದಿಂದಾಗುವ ನಷ್ಟ, ಮೊದಲ ಓಟದಲ್ಲಿ ಕಡಿಮೆಯಾದ ಕಿಲೋಮೀಟರುಗಳಿಗೆ ಮುಗಿಯದೆ, ಎರಡನೆಯ ಓಟವನ್ನೂ ನುಂಗುತ್ತದೆ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವ ರೀತಿಯಲ್ಲಿ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿ ಅರ್ಥೈಸಿ, ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ನೋಂದಣಿಗೆ ಒಪ್ಪಲಾಗದು ಎಂದಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅತಿಹೊರೆಗೆ 194ನೇ ಕಲಮಿನಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸ್ಪ್ರಿಂಗಿನ ಎತ್ತರವನ್ನು ನೋಂದಣಿ ಪತ್ರದಲ್ಲಿ ಬರೆದಿಲ್ಲವಲ್ಲ ಎಂಬ ವಾದ ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆಂಬುದನ್ನು ಸ್ವಂತ ಖರ್ಚಿನಲ್ಲಿ ಪರೀಕ್ಷಿಸುವುದು ವ್ಯಾಪಾರಸ್ಥರಿಗೆ ತಕ್ಕ ಕೆಲಸವಲ್ಲ.

ವಿಮೆಯ ಪಾಲಿಸಿಯಲ್ಲಿ, ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕರು ಸಮಂಜಸವಾದ ಎಲ್ಲ ಕ್ರಮ ಕೈಗೊಳ್ಳತಕ್ಕದ್ದೆಂಬ ಷರತ್ತು ಇರುತ್ತದೆ. ಅಪಘಾತದ ನಂತರ ಬರುವ ಸರ್ವೇಯರ್ ಟೈರಿನ ಛಾಯಾಚಿತ್ರ ತೆಗೆಯುವುದು ಸುಮ್ಮನೆ ಅಲ್ಲ. ಬೋಳು ಟೈರು, ಕತ್ತರಿಸಿದ ಸ್ಪ್ರಿಂಗ್ ಎರಡೂ ಸ್ವಂತ ವಾಹನದ ಹಾನಿಯ ಪರಿಹಾರದಲ್ಲಿ ತಕರಾರಿಗೆ ಎಡೆಮಾಡಿಕೊಡುವಂಥವು.

ಖಾತೆಯಲ್ಲಿ ಕಾಣದ ಸಂಖ್ಯೆ

ಉದಾಹರಣೆಗಾಗಿ ಒಂದು ಪಿಕಪ್ ವಾಹನ ತಿಂಗಳಿಗೆ 4,000 ಕಿಲೋಮೀಟರ್ ಓಡುತ್ತದೆ, ಒಂದು ಟೈರಿನ ಬೆಲೆ 6,000 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ಟೈರು 40 ಸಾವಿರ ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ತಗಲುವುದು 15 ಪೈಸೆ. 16 ಸಾವಿರಕ್ಕೆ ಮುಗಿದರೆ ಮೂವತ್ತೇಳೂವರೆ ಪೈಸೆ. ಮುಂದಿನ ಎರಡೇ ಟೈರುಗಳು ಹೀಗೆ ಹೋದರೂ ವ್ಯತ್ಯಾಸ ತಿಂಗಳಿಗೆ 1,800 ರೂಪಾಯಿ, ವರ್ಷಕ್ಕೆ 21,600 ರೂಪಾಯಿ. ಮೂರು ವಾಹನಗಳಿರುವ ಗಿರಣಿಗೆ ಇದು 64,800 ರೂಪಾಯಿ. ಎಣ್ಣೆಯ ವ್ಯಾಪಾರದಲ್ಲಿ ಡಬ್ಬಿಗೆ ಒಂದೆರಡು ರೂಪಾಯಿಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಈ ಮೊತ್ತವನ್ನು ಕೇಳುವವರಿಲ್ಲದೆ ಬಿಡುತ್ತಿರುವುದು ವಿಪರ್ಯಾಸ.

ಹೀಗಾಗಲು ತೆರಿಗೆ ಪದ್ಧತಿಯೂ ಒಂದು ಮಟ್ಟಿಗೆ ಕಾರಣ. ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳನ್ನು ಬಾಡಿಗೆಗೆ ಓಡಿಸುವವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮು ಅಂದಾಜು ಆದಾಯದ ಸೌಲಭ್ಯ ಕಲ್ಪಿಸಿತು. 2018-19ರ ಆರ್ಥಿಕ ವರ್ಷದಿಂದ ಅದರ ದರ ಭಾರಿ ವಾಹನಕ್ಕೆ ತಿಂಗಳಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ 1,000 ರೂಪಾಯಿ, ಇತರ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಎಂದಾಯಿತು. ಅಂದಾಜು ಆದಾಯ ಘೋಷಿಸುವವರು ಖರ್ಚಿನ ವಿವರ ತೋರಿಸಬೇಕಾಗಿಲ್ಲ, ಪುಸ್ತಕ ಇಡಬೇಕಾಗಿಲ್ಲ. ತೆರಿಗೆ ಇಲಾಖೆ ಕೇಳದ ಲೆಕ್ಕವನ್ನು ಮಾಲೀಕರೂ ಇಡುವುದನ್ನು ಬಿಟ್ಟರು. ಇಲಾಖೆಗೆ ಬೇಡವಾದ ಮಾತ್ರಕ್ಕೆ ಟೈರಿನ ಖರ್ಚು ಜೇಬಿನಿಂದ ಹೋಗುವುದು ನಿಲ್ಲಲಿಲ್ಲ. ಅಂದಾಜು ಪದ್ಧತಿಯಲ್ಲಿ ಅದನ್ನು ಬೇರೆಯಾಗಿ ಕಳೆಯುವ ಅವಕಾಶವೂ ಇಲ್ಲವಾದ್ದರಿಂದ ಉಳಿಸಿದ ಪ್ರತಿ ರೂಪಾಯಿಯೂ ಪೂರ್ತಿಯಾಗಿ ಮಾಲೀಕರದ್ದೇ. ಇಂಥವರಿಗೇ ಟೈರಿನ ಲೆಕ್ಕ ಹೆಚ್ಚು ಅಗತ್ಯ.

ಸರ್ಕಾರಿ ಸಾರಿಗೆ ನಿಗಮಗಳು ಈ ವಿಷಯದಲ್ಲಿ ಖಾಸಗಿಯವರಿಗಿಂತ ಮುಂದಿವೆ. ಅಲ್ಲಿ ಪ್ರತಿ ಟೈರಿಗೂ ಒಂದು ಸಂಖ್ಯೆ. ಯಾವ ಬಸ್ಸಿಗೆ ಹಾಕಿತು, ಎಷ್ಟು ಓಡಿತು, ರಿಸೋಲ್ ಆದ ಮೇಲೆ ಎಷ್ಟು ಓಡಿತು ಎಂಬ ಚರಿತ್ರೆ ಇರುತ್ತದೆ. ಚಳ್ಳಕೆರೆ ತಾಲ್ಲೂಕಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2024ರ ಜೂನ್ 23ರಂದು ಇಸ್ರೋದ ಪುಷ್ಪಕ್ ನೌಕೆ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿದ್ದನ್ನು ಈ ಭಾಗದವರು ಹೆಮ್ಮೆಯಿಂದ ನೆನೆಯುತ್ತಾರೆ. ವಿಮಾನದ ಟೈರಿನ ಆಯುಷ್ಯವನ್ನು ಇಳಿತಗಳ ಸಂಖ್ಯೆಯಲ್ಲಿ ಬರೆದಿಡುತ್ತಾರೆ. ಅದೇ ತಾಲ್ಲೂಕಿನ ಪಿಕಪ್ ಟೈರಿನ ಆಯುಷ್ಯವನ್ನು ಕಿಲೋಮೀಟರಿನಲ್ಲಿ ಬರೆದಿಡಲು ಎರಡು ರೂಲು ಎಳೆದ ಒಂದು ನೋಟ್‌ಬುಕ್ ಸಾಕು: ಹಾಕಿದ ದಿನ, ಮೀಟರ್ ಓದು, ಬೆಲೆ, ಸ್ಥಾನ, ತೆಗೆದ ದಿನ, ತೆಗೆಯುವಾಗ ಒಳಂಚು-ನಡು-ಹೊರಂಚಿನ ಗೀರಿನ ಆಳ. ಅಲೈನ್‌ಮೆಂಟ್ ಚೀಟಿಯನ್ನೂ ಅದರಲ್ಲೇ ಅಂಟಿಸಿಡಬಹುದು. ಆರು ತಿಂಗಳ ನಂತರ ಯಾವ ವಾಹನ, ಯಾವ ಬದಿ, ಯಾವ ಗ್ಯಾರೇಜಿನ ಕೆಲಸದ ನಂತರ ಎಂಬುದು ತಾನಾಗಿಯೇ ಗೋಚರವಾಗುತ್ತದೆ.

ಜಿಎಸ್‌ಟಿಯ ದೃಷ್ಟಿಯಿಂದ ಕಾರು ಮತ್ತು ಸರಕು ವಾಹನ ಬೇರೆ ಬೇರೆ. ಸಂಸ್ಥೆಯ ಹೆಸರಿನಲ್ಲಿರುವ, ಚಾಲಕ ಸೇರಿ 13 ಜನರವರೆಗೆ ಕೂರಬಹುದಾದ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣೆ ಸೇವೆಯ ಮೇಲೆ ತೆತ್ತ ತೆರಿಗೆಗೆ, ಕಾನೂನಿನಲ್ಲಿ ಹೆಸರಿಸಿದ ಕೆಲವು ಉದ್ದೇಶಗಳನ್ನು ಬಿಟ್ಟರೆ, ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಸರಕು ವಾಹನಕ್ಕೆ ಈ ನಿರ್ಬಂಧವಿಲ್ಲ. ತೆರಿಗೆ ವಿಧಿಸಬಹುದಾದ ವ್ಯಾಪಾರ ಮಾಡುವ ನೋಂದಾಯಿತ ಗಿರಣಿಯವರು ಪಿಕಪ್ ಟೈರನ್ನು ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ ಇಲ್ಲದೆ ಕೊಂಡರೆ ಕ್ರೆಡಿಟ್ ಬಿಟ್ಟುಕೊಟ್ಟಂತೆ. ಹೊಸ ಟೈರಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರಿನದು ಶೇ 5ಕ್ಕೆ. ಹಳೆಯ ದರದಲ್ಲಿ ಬರೆದ ಕೊಟೇಶನ್ ಇನ್ನೂ ಕೈಯಲ್ಲಿದ್ದರೆ ಅದನ್ನು ಹರಿದುಹಾಕಿ ಹೊಸದು ಕೇಳಬೇಕು.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳುವುದು ಒಳಿತು. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ದಾಸ್ತಾನಿನಲ್ಲಿ ವರ್ಷಗಟ್ಟಲೆ ಬಿದ್ದ ಟೈರಿನ ರಬ್ಬರ್ ಗಡುಸಾಗಿರುತ್ತದೆ. ಎರಡೇ ಟೈರು ಕೊಳ್ಳುವ ಸಂದರ್ಭದಲ್ಲಿ ಕಾರಿಗಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಬೇಕೆಂಬುದು ಟೈರು ತಯಾರಕರ ಸಾಮಾನ್ಯ ಸಲಹೆ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕರಿಂದ ಹಿಡಿತಕ್ಕೆ ತರುವುದು ಕಷ್ಟ. ಹೊಸ ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಆ ನಾಲ್ಕು ಅಂಕಿಗಳನ್ನೂ ಮೀಟರ್ ಓದನ್ನೂ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳಬಹುದು.